ಇಪ್ಪತ್ತೆರಡು ನಿಮಿಷದ ಹಾಜರಿ

ಜೂನ್ 9

ಪ್ರೀತಿಯ ಚಿಕ್ಕಮ್ಮ,

ಫೋನಿನಲ್ಲಿ ನಾನು ಹೇಳುವುದು ನಿನ್ನ ಕಿವಿಗೆ ಬೀಳುವುದಿಲ್ಲ, ನೀನು ಹೂಂ ಹೂಂ ಅನ್ನುವುದನ್ನು ನಾನು ನಂಬುವುದಿಲ್ಲ. ಹಾಗಾಗಿ ಹೊರಡುವಾಗ ಮಾತು ಕೊಟ್ಟಂತೆ ಕಾಗದ. ನಲವತ್ತಾರು ವರ್ಷಕ್ಕೆ ನಾನು ಕನ್ನಡದಲ್ಲಿ ಬರೆಯುತ್ತಿರುವ ಮೊದಲ ಉದ್ದನೆಯ ಕಾಗದ ಇದು. ಇಂಗ್ಲಿಷ್ ಶಾಲೆಯಲ್ಲಿ ಓದಿದವಳ ಕನ್ನಡ ಎಷ್ಟರಮಟ್ಟಿನದು ಎಂದು ನಿನಗೆ ಗೊತ್ತು. ಬೇಸಿಗೆ ರಜೆಯಲ್ಲಿ ಕೈ ಹಿಡಿದು ತಿದ್ದಿಸಿದವಳು ನೀನೇ. ಕೆಂಪು ಶಾಯಿಯಲ್ಲಿ ತಿದ್ದಿ ವಾಪಸ್ ಕಳಿಸಬೇಡ.

ನನ್ನ ಕೋಣೆ ಮೂರನೇ ಮಹಡಿಯಲ್ಲಿದೆ. ಕೆಳಗೆ ಬಟ್ಟೆ ಒಗೆಯುವ ಲಾಂಡ್ರಿ. ಬೆಳಗ್ಗೆ ಐದಕ್ಕೇ ಯಂತ್ರಗಳು ಶುರುವಾಗಿ ನನ್ನ ಮಂಚದ ಕಾಲು ಸಣ್ಣಗೆ ನಡುಗುತ್ತದೆ. ಅಲಾರಂ ಬೇಕಾಗಿಲ್ಲ. ಇಡೀ ಕಟ್ಟಡಕ್ಕೆ ಸೋಪಿನ ವಾಸನೆ, ನನ್ನ ಬಟ್ಟೆ ಮಾತ್ರ ನಾನೇ ಬಕೆಟ್ಟಿನಲ್ಲಿ ಒಗೆಯಬೇಕು.

ಇಪ್ಪತ್ತು ವರ್ಷ ಖಾಸಗಿ ಶಾಲೆಯಲ್ಲಿ ಪಾಠ ಮಾಡಿದವಳು ಈ ವಯಸ್ಸಿನಲ್ಲಿ ಸಂಬಳವಿಲ್ಲದ ಕೆಲಸಕ್ಕೆ ದೇಶ ಬಿಟ್ಟು ಬಂದದ್ದು ಯಾಕೆ ಎಂದು ಎಲ್ಲರೂ ಕೇಳಿದರು, ನೀನೊಬ್ಬಳು ಕೇಳಲಿಲ್ಲ. ಕೆಲಸ ಇಷ್ಟೇ: ಇಲ್ಲಿನ ಒಂದು ದೊಡ್ಡ ಪ್ರಾಥಮಿಕ ಶಾಲೆ, ಸುತ್ತಲಿನ ಎಂಟು ಸಣ್ಣ ಶಾಲೆಗಳು, ಅಲ್ಲಿನ ಶಿಕ್ಷಕರಿಗೆ ತರಬೇತಿ ಕೊಡುವುದು. ಮೊದಲ ತಿಂಗಳು ಹಿಂದಿನ ಬೆಂಚಿನಲ್ಲಿ ಕೂತು ಪಾಠ ನೋಡಿ ಫಾರಂ ತುಂಬುವುದು. ಫಾರಂ ಕಂಡರೆ ಶಿಕ್ಷಕರಿಗೆ ಭಯ, ಅದಕ್ಕೆ ಮೊದಲ ದಿನವೇ ಹೇಳಿದೆ: "ಇದು ನನಗೂ ನಿಮಗೂ ಮಾತ್ರ. ಹೆಡ್ಮಾಸ್ಟರಿಗೂ ತೋರಿಸಲ್ಲ." ನಾನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಒಬ್ಬ ಹುಡುಗಿ ಅವರ ಭಾಷೆಗೆ ತಿರುಗಿಸುತ್ತಾಳೆ. ಚುರುಕು ಹುಡುಗಿ. "ಎರಡು ಕಡೆಯವರ ಬೈಗುಳವೂ ಮೊದಲು ನನ್ನ ಬಾಯಿಗೇ ಬರೋದು ಮೇಡಂ" ಎನ್ನುತ್ತಾಳೆ.

ಒಂದನೇ ಕ್ಲಾಸು ನೋಡಿಕೊಳ್ಳುವವರನ್ನು ಎಲ್ಲರೂ ದೊಡ್ಡ ಟೀಚರ್ ಅನ್ನುತ್ತಾರೆ. ನಿವೃತ್ತಿಗೆ ಎರಡು ವರ್ಷ ಇದೆ. ಐವತ್ತನಾಲ್ಕು ಮಕ್ಕಳು. ಹಾಜರಿ ಹಾಕಲು ಒಬ್ಬೊಬ್ಬರನ್ನೂ ಮೇಜಿನ ಹತ್ತಿರ ಕರೆಯುತ್ತಾರೆ, ಎರಡೂ ಅಂಗೈ ಹಿಡಿದು ನೋಡುತ್ತಾರೆ, ಏನೋ ಕೇಳುತ್ತಾರೆ, ರಿಜಿಸ್ಟರಿನ ಅಂಚಿನಲ್ಲಿ ಏನೋ ಗೀಚುತ್ತಾರೆ. ನಾನು ಸ್ಟಾಪ್‌ವಾಚ್ ಒತ್ತಿದೆ. ಇಪ್ಪತ್ತೆರಡು ನಿಮಿಷ. ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ.

ನಿನ್ನ ನೆನಪಾಗಿ ನಗು ಬಂತು.

ನಿನ್ನ,
ಗುಬ್ಬಿ


ಜೂನ್ 28

ಗುಬ್ಬಿಗೆ ಚಿಕ್ಕಮ್ಮನ ಆಶೀರ್ವಾದ.

ಕಾಗದ ಹದಿನೆಂಟು ದಿನಕ್ಕೆ ಬಂತು. ಪೋಸ್ಟ್‌ಮ್ಯಾನು ಬಾಗಿಲಲ್ಲೇ ನಿಂತು ಸ್ಟಾಂಪು ಕೊಡ್ತೀರಾ ಅಂದ. "ಮೊದಲು ಓದ್ತೀನಪ್ಪ, ಸ್ಟಾಂಪು ಎಲ್ಲೂ ಓಡಿ ಹೋಗಲ್ಲ" ಅಂದೆ. ಅಕ್ಷರ ಚೆನ್ನಾಗಿದೆ. ತಪ್ಪು ಮೂರೇ. ಯಾವುವು ಅಂತ ಹೇಳುವುದಿಲ್ಲ, ನೀನೇ ಹುಡುಕಿಕೋ.

ನನ್ನ ಮಂಡಿ ಹೇಗಿತ್ತೋ ಹಾಗೇ ಇದೆ. ಕಿವಿಯದೂ ಅದೇ ಕಥೆ. ಬಿಡು, ಕೇಳಿಸಿಕೊಳ್ಳಲೇಬೇಕಾದ್ದು ಈ ಮನೆಯಲ್ಲಿ ಏನಿದೆ.

ಒಂದು ಮಾತು. ಆ ಟೀಚರು ಮಕ್ಕಳ ಕೈ ಹಿಡಿದು ಏನೋ ಕೇಳುತ್ತಾರೆ, ಏನೋ ಬರೆದುಕೊಳ್ಳುತ್ತಾರೆ ಅಂತ ಬರೆದಿದ್ದೀ. ಎಷ್ಟು ನಿಮಿಷ ಅಂತ ಸರಿಯಾಗಿ ಬರೆದೆ. ಆ ಏನೋ ಏನು ಅಂತ ಬರೆಯಲಿಲ್ಲ.

ಊಟ ಯಾರ ಜೊತೆ ಮಾಡುತ್ತೀ?

ಚಿಕ್ಕಮ್ಮ


ಜುಲೈ 19

ಪ್ರೀತಿಯ ಚಿಕ್ಕಮ್ಮ,

ನಿನ್ನ ಕಾಗದ ಮೊನ್ನೆ ಸಿಕ್ಕಿತು. ತಪ್ಪು ಹುಡುಕಲು ನನ್ನ ಕಾಗದವೇ ನನ್ನ ಹತ್ತಿರ ಇಲ್ಲವಲ್ಲ, ಒಳ್ಳೆಯ ಟೀಚರು ನೀನು.

ಆ "ಏನೋ" ಏನು ಎಂದು ದುಭಾಷಿ ಹುಡುಗಿಯನ್ನು ಕೇಳಿದೆ. ದಿನಕ್ಕೊಂದು ಪ್ರಶ್ನೆಯಂತೆ. "ಇವತ್ತು ತಲೆ ಯಾರು ಬಾಚಿದ್ರು, ಬಾಗಿಲು ಯಾರು ಹಾಕಿದ್ರು, ಅಂಥವು ಮೇಡಂ" ಎಂದಳು. ಹರಟೆ, ಅಷ್ಟೇ. ಪ್ರೀತಿಯ ಹರಟೆ ಎನ್ನೋಣ. ಆದರೆ ಮಕ್ಕಳ ಹೊತ್ತು ಹಾಳಾಗುವುದು ಹಾಳಾಗುವುದೇ ಅಲ್ಲವೇ.

ಈ ತಿಂಗಳ ಮೊದಲ ದಿನ ನನ್ನ ದೊಡ್ಡ ತರಬೇತಿ ನಡೆಯಿತು. ನಲವತ್ತು ಜನ ಶಿಕ್ಷಕರು. ಬೋರ್ಡಿನ ಮೇಲೆ ಲೆಕ್ಕ ಹಾಕಿ ತೋರಿಸಿದೆ: ದಿನಕ್ಕೆ ಇಪ್ಪತ್ತೆರಡು ನಿಮಿಷ, ವರ್ಷಕ್ಕೆ ಇನ್ನೂರು ದಿನ, ಒಟ್ಟು ಎಪ್ಪತ್ತಮೂರು ಗಂಟೆ. ಇಲ್ಲಿ ದಿನಕ್ಕೆ ನಾಲ್ಕು ಗಂಟೆ ಶಾಲೆ, ಅಂದರೆ ಹದಿನೆಂಟು ಶಾಲಾ ದಿನ ಬರೀ ಹಾಜರಿಯಲ್ಲಿ ಹೋಯಿತು. ಯಾರ ಹೆಸರೂ ಹೇಳಲಿಲ್ಲ. ಸಭೆ ಸ್ವಲ್ಪ ಬಿಗಿಯಾಯಿತು ಅನಿಸಿ ನಿನ್ನ ಬಗ್ಗೆ ಒಂದು ಪುಟ್ಟ ಕಥೆ ಹೇಳಿದೆ. ಎಲ್ಲರೂ ನಕ್ಕರು. ದೊಡ್ಡ ಟೀಚರ್ ನಕ್ಕರೋ ಇಲ್ಲವೋ ನಾನು ನೋಡಲಿಲ್ಲ. ನೋಡಬೇಕಿತ್ತು ಎಂದು ಈಗ ಬರೆಯುವಾಗ ಅನಿಸುತ್ತಿದೆ.

ಹೆಡ್ಮಾಸ್ಟರಿಗೆ ಬಹಳ ಹಿಡಿಸಿತು. ಒಂದನೇ ಕ್ಲಾಸಿನ ಫಾರಮ್ಮಿನ ಒಂದು ಪ್ರತಿ ಫೈಲಿಗೆ ಬೇಕು ಎಂದರು, ಕೊಟ್ಟೆ. ಒಳ್ಳೆಯ ಉದ್ದೇಶಕ್ಕೇ ತಾನೆ. ಅದೇ ವಾರ ಒಂದನೇ ಕ್ಲಾಸಿಗೆ ಹೊಸ ಟೀಚರ್ ಬಂದರು, ದೊಡ್ಡ ಟೀಚರಿಗೆ ಪುಸ್ತಕದ ಕೋಣೆಯ ಜವಾಬ್ದಾರಿ. ಕುಳಿತು ಮಾಡುವ ಕೆಲಸ, ಆ ವಯಸ್ಸಿಗೆ ಅನುಕೂಲವೇ.

ಈಗ ಹಾಜರಿ ಹೇಗೆ ಗೊತ್ತೇ? ಮಕ್ಕಳಿಗೆ ರಿಜಿಸ್ಟರಿನ ಸಾಲಿನಂತೆ ನಂಬರ್ ಕೊಟ್ಟಿದ್ದೇವೆ. ಒಂದು, ಎರಡು, ಮೂರು ಎಂದು ಅವರವರ ನಂಬರ್ ಅವರೇ ಕೂಗುತ್ತಾ ಹೋಗಬೇಕು. ನನ್ನ ಸ್ಟಾಪ್‌ವಾಚನ್ನೇ ಆ ಕ್ಲಾಸಿಗೆ ಉಡುಗೊರೆ ಕೊಟ್ಟೆ. ಮೂರು ನಿಮಿಷದೊಳಗೆ ಮುಗಿದರೆ ಎಲ್ಲರಿಗೂ ಚಪ್ಪಾಳೆ. ಮೊನ್ನೆ ನಾನು ಹೋಗಿ ನೋಡಿದಾಗ ಎರಡು ನಿಮಿಷ ನಲವತ್ತು ಸೆಕೆಂಡು. ಎಲ್ಲಿಯೂ ತಡವರಿಕೆ ಇಲ್ಲ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವಳು ನಾನೇ.

ಮನೆಯ ಮೆಟ್ಟಿಲ ಮೇಲೆ ನನಗೊಬ್ಬ ಗೆಳತಿ ಸಿಕ್ಕಿದ್ದಾಳೆ. ಆರೇಳು ವರ್ಷ ಇರಬಹುದು. ಸೊಂಟದ ಮೇಲೆ ಒಂದು ಮಗು, ಅವಳಿಗಿಂತ ಅದೇ ದಪ್ಪ. ನಾನು ಶಾಲೆಗೆ ಇಳಿಯುವಾಗ "ಗುಡ್ ಮಾರ್ನಿಂಗ್ ಟೀಚರ್" ಎಂದು ಎದ್ದು ನಿಲ್ಲುತ್ತಾಳೆ. ದಿನವೂ ಒಂದು ಬಿಸ್ಕತ್ತು ಕೊಡುತ್ತೇನೆ. ಅರ್ಧ ಮಗುವಿಗೆ, ಅರ್ಧ ಅವಳಿಗೆ. ನಮಗೆ ಪರಸ್ಪರ ಭಾಷೆ ಬರುವುದಿಲ್ಲ, ಆದರೂ ದಿನ ಶುರುವಾಗುವುದು ಅವಳಿಂದಲೇ.

ನಿನ್ನ,
ಗುಬ್ಬಿ


ಆಗಸ್ಟ್ 8

ಗುಬ್ಬಿ,

ಎರಡು ಪ್ರಶ್ನೆ.

ನನ್ನ ಬಗ್ಗೆ ಏನು ಕಥೆ ಹೇಳಿದೆ?

ಆ ಮೆಟ್ಟಿಲ ಮೇಲಿನ ಹುಡುಗಿ ಶಾಲೆಯ ಹೊತ್ತಿನಲ್ಲಿ ಮೆಟ್ಟಿಲ ಮೇಲೆ ಯಾಕೆ ಇರುತ್ತಾಳೆ?

ಊಟ ಯಾರ ಜೊತೆ ಅಂತ ಕೇಳಿದ್ದಕ್ಕೆ ಉತ್ತರ ಬಂದಿಲ್ಲ. ಅದನ್ನೂ ಸೇರಿಸಿದರೆ ಮೂರು.

ಚಿಕ್ಕಮ್ಮ


ಆಗಸ್ಟ್ 12

ಪ್ರೀತಿಯ ಚಿಕ್ಕಮ್ಮ,

ನಿನ್ನ ಕಾಗದ ಇನ್ನೂ ಬಂದಿಲ್ಲ. ಕಾಯಲಾರದೆ ಬರೆಯುತ್ತಿದ್ದೇನೆ, ಸುದ್ದಿ ಅಂಥದ್ದು.

ಒಂಬತ್ತೂ ಶಾಲೆಗಳಲ್ಲಿ ನಂಬರ್ ಹಾಜರಿ ಬರುತ್ತಿದೆ. ಅಕ್ಟೋಬರ್ ಹದಿನಾಲ್ಕಕ್ಕೆ ಸಮಾರೋಪ ಸಭೆ, ಮೇಲಿನ ಕಚೇರಿಯ ಅಧಿಕಾರಿ ಬರುತ್ತಾರೆ. ಇದನ್ನೊಂದು ಸಣ್ಣ ಪುಸ್ತಿಕೆ ಮಾಡಿ ನನ್ನ ಹೆಸರು ಹಾಕುತ್ತಾರಂತೆ. ಹೆಡ್ಮಾಸ್ಟರು "ಮೇಡಂ, ನೀವು ಹೋದ್ಮೇಲೂ ಇಲ್ಲಿ ನಿಮ್ಮ ಗಡಿಯಾರ ಓಡ್ತಿರತ್ತೆ" ಎಂದರು. ಬೇಡ ಬೇಡ ಎಂದೆ. ಎಷ್ಟು ಮೆಲ್ಲಗೆ ಅಂದೆನೆಂದರೆ ಅವರಿಗೆ ಕೇಳಿಸಿರಲಾರದು.

ದೊಡ್ಡ ಟೀಚರ್ ಕಾರಿಡಾರಿನಲ್ಲಿ ಎದುರಾದರೆ ಗೋಡೆಯ ಕಡೆ ಸರಿದು ನನಗೆ ದಾರಿ ಬಿಡುತ್ತಾರೆ. ದಾರಿ ಅಗಲವಾಗಿಯೇ ಇದೆ. ಮೊದಮೊದಲು ಅದು ಮರ್ಯಾದೆ ಎಂದುಕೊಂಡಿದ್ದೆ.

ಮೆಟ್ಟಿಲ ಗೆಳತಿಯ ತಂಗಿಗೆ ಮೊದಲ ಹಲ್ಲು ಬಂದಿದೆ. ನನ್ನ ಬೆರಳು ಕಚ್ಚಿಸಿ ತೋರಿಸಿದಳು. ಅವಳಿಗೆ ಒಂದು ಪೆನ್ಸಿಲ್ ಕೊಟ್ಟೆ. ಮೆಟ್ಟಿಲಂಚಿನ ಸುಣ್ಣದ ಮೇಲೆ ಪ್ರತಿದಿನ ಒಂದೇ ಅಂಕಿ ಬರೆಯುತ್ತಾಳೆ: 31. ಯಾಕೋ.

ಗುಬ್ಬಿ


ಆಗಸ್ಟ್ 30

ಚಿಕ್ಕಮ್ಮ,

ನಿನ್ನ ಎರಡು ಪ್ರಶ್ನೆಯ ಕಾಗದ ಮಂಗಳವಾರ ಸಿಕ್ಕಿತು. ಲಾಂಡ್ರಿಯ ಮುಂದೆ ಪೆಟ್ಟಿಗೆಯಿಂದ ತೆಗೆದು ಮೆಟ್ಟಿಲು ಹತ್ತುತ್ತಲೇ ಓದಿದೆ. ಎರಡನೇ ಪ್ರಶ್ನೆ ಓದುವಾಗ ಅವಳು ಎದುರಿಗೇ ಕೂತಿದ್ದಳು.

ಮಾರನೆಯ ದಿನ ದುಭಾಷಿ ಹುಡುಗಿಯನ್ನು ಕರೆದುಕೊಂಡು ಬಂದೆ. ಅವರಿಬ್ಬರ ಮಾತನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ.

"ನೀನು ಸ್ಕೂಲಿಗೆ ಹೋಗಲ್ವಾ ಮರಿ?"

"ಹೋಗ್ತೀನಲ್ಲ."

"ಎಲ್ಲಿ ಹೋಗ್ತೀಯ, ಇಲ್ಲೇ ಇರ್ತೀಯ."

"ನನ್ನ ನಂಬರ್ ಹೋಗತ್ತೆ. ಮೂವತ್ತೊಂದು. ನನ್ನ ಪಕ್ಕದವಳು ಅವಳದೂ ಹೇಳಿ ನಂದೂ ಹೇಳ್ತಾಳೆ. ಮಧ್ಯ ನಿಂತುಹೋದ್ರೆ ಲೇಟಾಗತ್ತೆ, ಚಪ್ಪಾಳೆ ಸಿಗಲ್ಲ."

ಆಮೇಲೆ ನನ್ನ ಕಡೆ ತಿರುಗಿ, ನನಗೆ ಖುಷಿಯಾಗಲಿ ಎಂದೇ ಹೇಳಿದಳು: "ಈ ಟೀಚರ್ ಬಂದಿದ್ದ ದಿನಾನೂ ಅವಳೇ ಹೇಳಿದ್ಲಂತೆ. ನಾವು ಗೆದ್ವಿ."

ಅವಳ ತಾಯಿಗೆ ಜೂನ್ ಕೊನೆಯಿಂದ ಲಾಂಡ್ರಿಯಲ್ಲಿ ಬೆಳಗಿನ ಪಾಳಿ. ಮಗುವನ್ನು ನೋಡಿಕೊಳ್ಳಲು ಬೇರೆ ಯಾರೂ ಇಲ್ಲ. ಜುಲೈ ಮೊದಲ ವಾರದಿಂದ ಎಂಟು ವಾರ, ನಲವತ್ತು ಶಾಲಾ ದಿನ. ರಿಜಿಸ್ಟರಿನಲ್ಲಿ ಅವಳು ಒಂದು ದಿನವೂ ತಪ್ಪಿಸಿಲ್ಲ. ನಾನು ಅದೇ ಕ್ಲಾಸಿನಲ್ಲಿ ಹಿಂದಿನ ಬೆಂಚಿನಿಂದ ಅವಳ ತಲೆಯ ಹಿಂಭಾಗವನ್ನು ಒಂದು ವಾರ ನೋಡಿದ್ದೇನೆ. ಆಮೇಲೆ ಅವಳ ಮುಖವನ್ನು ಪ್ರತಿದಿನ ನೋಡಿ, ಬಿಸ್ಕತ್ತು ಕೊಟ್ಟು, ಅವಳಿಲ್ಲದ ಶಾಲೆಗೆ ಹೋಗಿ ಚಪ್ಪಾಳೆ ತಟ್ಟಿದ್ದೇನೆ. ನೀನು ಸಮುದ್ರದಾಚೆ ಕೂತು ಒಂದು ಸಾಲು ಓದಿ ಕೇಳಿದ್ದನ್ನು ನಾನು ನೋಡುತ್ತ ನೋಡುತ್ತ ಕೇಳಲಿಲ್ಲ.

ದುಭಾಷಿ ಹುಡುಗಿಯ ಜೊತೆ ಪುಸ್ತಕದ ಕೋಣೆಗೆ ಹೋದೆ. ಕಿಟಕಿ ಇಲ್ಲದ ಕೋಣೆ. ದೊಡ್ಡ ಟೀಚರ್ ಹರಿದ ಪುಸ್ತಕಗಳಿಗೆ ಗೋಂದು ಹಚ್ಚುತ್ತಿದ್ದರು. ಮೂವತ್ತೊಂದನೇ ನಂಬರಿನ ಹುಡುಗಿ ಎಂದೆ. ಅವರು ಕೈ ಒರೆಸಿಕೊಂಡು ಹಳೆಯ ರಿಜಿಸ್ಟರ್ ತೆಗೆದು ಅವಳ ಸಾಲಿನ ಮೇಲೆ ಬೆರಳಿಟ್ಟರು. ಫಾರಮ್ಮಿನಲ್ಲಿ "ಅಂಚಿನಲ್ಲಿ ಗೀಚು, ಅಶಿಸ್ತು" ಎಂದು ನಾನು ಬರೆದಿದ್ದೆ, ಅದೇ ಗೀಚು. ತಲೆ ಯಾರು ಬಾಚಿದರು ಎಂದು ಕೇಳಿದ ದಿನಗಳು. ಅಮ್ಮ. ಅಮ್ಮ. ಅಮ್ಮ. ಕೊನೆಯ ವಾರದಲ್ಲಿ ಎರಡು ಸಲ: ನಾನೇ. ನಾನೇ.

"ಮುಂದಿನ ವಾರ ಮನೆಗೆ ಹೋಗಿ ನೋಡ್ಬೇಕು ಅಂತಿದ್ದೆ" ಎಂದರು. "ಆ ವಾರ ನನ್ನನ್ನ ಇಲ್ಲಿ ತಂದು ಕೂರಿಸಿದ್ರು. ಗೇಟಿನ ಹತ್ರ ಹುಡುಗಿ ಕಾಣ್ತಿಲ್ಲ ಅಂತ ಹೆಡ್ಮಾಸ್ಟರಿಗೆ ಎರಡು ಸಲ ಹೇಳ್ದೆ. ರಿಜಿಸ್ಟರ್ ತೋರಿಸಿದ್ರು. ದಿನಾ ಬರ್ತಿದ್ದಾಳಲ್ಲ, ನಿಮ್ಮ ಕಣ್ಣು ತೋರಿಸ್ಕೊಳ್ಳಿ ಅಂದ್ರು."

ನಾನು ಕ್ಷಮಿಸಿ ಎಂದೆ. ದುಭಾಷಿ ಹುಡುಗಿ ಅದನ್ನು ಬಹಳ ಮೆಲ್ಲಗೆ ಹೇಳಿದಳು. ದೊಡ್ಡ ಟೀಚರ್ ಗೋಂದಿನ ಡಬ್ಬಿಯ ಮುಚ್ಚಳ ಹಾಕಿ ನನ್ನ ಮುಖ ನೋಡಿದರು.

"ಇದನ್ನ ಇಲ್ಲಿ ಹೇಳ್ತಿದ್ದೀರಿ. ಅದನ್ನ ಎಲ್ಲಿ ಹೇಳಿದ್ರಿ? ನನ್ನ ಹೆಸರು ಹೇಳ್ಲಿಲ್ಲ, ನಿಜ. ನಲವತ್ತು ಜನಾನೂ ತಿರುಗಿ ನನ್ನೇ ನೋಡಿದ್ರು."

ಬಂದುಬಿಟ್ಟೆ.

ಇನ್ನು ನಿನ್ನ ಮೊದಲ ಪ್ರಶ್ನೆ. ಆ ಸಭೆಯಲ್ಲಿ ನಾನು ಹೇಳಿದ ಕಥೆ ಇದು: ನನ್ನ ಚಿಕ್ಕಮ್ಮ ಒಬ್ಬರು ಮೂವತ್ತು ವರ್ಷ ಒಂದನೇ ಕ್ಲಾಸಿಗೆ ಪಾಠ ಮಾಡಿದರು, ಅವರ ಹಾಜರಿ ಮುಗಿಯುವ ಹೊತ್ತಿಗೆ ಮಕ್ಕಳು ಎರಡನೇ ಕ್ಲಾಸಿಗೆ ಪಾಸಾಗಿರುತ್ತಿದ್ದರು, ಮನೆಯಲ್ಲಿ ನಾವೆಲ್ಲ ಅವರನ್ನು ಹಾಜರಿ ಟೀಚರ್ ಎಂದೇ ಕರೆಯುತ್ತಿದ್ದೆವು. ಎಲ್ಲರೂ ನಕ್ಕದ್ದು ಇದಕ್ಕೆ. ನಕ್ಕ ಮೇಲೆ ಎಲ್ಲರೂ ತಿರುಗಿದ್ದು ಅವರ ಕಡೆಗೆ.

ಹತ್ತು ವರ್ಷದವಳಿದ್ದಾಗ ರಜೆಯಲ್ಲಿ ನೀನು ನನ್ನನ್ನು ನಿನ್ನ ಕ್ಲಾಸಿಗೆ ಕರೆದುಕೊಂಡು ಹೋಗಿದ್ದೆ. ಕೊನೆಗೆ ನನ್ನನ್ನೂ ಮೇಜಿನ ಹತ್ತಿರ ಕರೆದು ಅಂಗೈ ಹಿಡಿದು ಕೇಳಿದೆ, "ರಾತ್ರಿ ಯಾರ ಜೊತೆ ಊಟ ಮಾಡಿದೆ?" ನಿನ್ನ ಮನೆಯಲ್ಲೇ ಇದ್ದವಳು ನಾನು. ನಾಚಿಕೆಯಿಂದ ಸಾಯುವಂತಾಗಿ ಇಂಗ್ಲಿಷಿನಲ್ಲಿ ಏನೋ ಸಿಡುಕಿದೆ. ಮಕ್ಕಳೆಲ್ಲ ಬಾಯಿ ಬಿಟ್ಟುಕೊಂಡು ನೋಡಿದರು. ನೀನು ಬೈಯಲಿಲ್ಲ. ಏನೋ ಬರೆದುಕೊಂಡೆ. ಆ ನಾಚಿಕೆ ನಿನ್ನದು ಎಂದು ನಾನು ಇಷ್ಟು ವರ್ಷ ಅಂದುಕೊಂಡಿದ್ದೆ.

ಹುಡುಗಿ ಇನ್ನೂ ಶಾಲೆಗೆ ಬಂದಿಲ್ಲ. ಮಗುವಿನದು ಒಂದು ಕಾರಣ. ಇನ್ನೊಂದು, ಅಕ್ಷರ ಮರೆತುಹೋಗಿದೆ, ಎಲ್ಲರೂ ನಗುತ್ತಾರೆ ಎನ್ನುತ್ತಾಳೆ. ನಾನು ಹೆಡ್ಮಾಸ್ಟರಿಗೆ ಇನ್ನೂ ಏನೂ ಹೇಳಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದುಕೊಳ್ಳುತ್ತಲೇ ಅವರು ಪುಸ್ತಿಕೆಯ ಕರಡು ತಂದು ಮೇಜಿನ ಮೇಲಿಟ್ಟರು. ಓದಿ ಎರಡು ಕಡೆ ವಾಕ್ಯ ತಿದ್ದಿ ವಾಪಸ್ ಕೊಟ್ಟೆ. ಇದನ್ನು ನಿನಗೆ ಬರೆಯದೆ ಇರಬಹುದಿತ್ತು.

ನನ್ನನ್ನು ಕ್ಷಮಿಸು.

ಗುಬ್ಬಿ


ಸೆಪ್ಟೆಂಬರ್ 21

ಗುಬ್ಬಿ,

ನಿನ್ನ ಕಾಗದ ಬಂದು ನಾಲ್ಕು ದಿನ ಆಯಿತು. ಸಿಟ್ಟು ಬಂದಿತ್ತು. ಸಿಟ್ಟಿನಲ್ಲಿ ಬರೆದರೆ ಅಕ್ಷರ ಸೊಟ್ಟಗಾಗುತ್ತದೆ, ಅದಕ್ಕೆ ಸುಮ್ಮನಿದ್ದೆ.

ಹಾಜರಿ ಟೀಚರ್ ಅಂತ ನೀವೆಲ್ಲ ಕರೆಯುತ್ತಿದ್ದದ್ದು ಗೊತ್ತಿತ್ತು. ಆಗ ನನ್ನ ಕಿವಿ ಚೆನ್ನಾಗಿತ್ತು.

ನಿಮಗೆ ಗೊತ್ತಿಲ್ಲದ್ದು ಒಂದಿದೆ. ನನ್ನ ನಲವತ್ತನೇ ವಯಸ್ಸಿನಲ್ಲಿ ಒಬ್ಬ ಇನ್ಸ್‌ಪೆಕ್ಟರು ಬಂದರು. ನಿನ್ನ ಹಾಗೇ ಒಳ್ಳೆಯ ಮನುಷ್ಯ. ನಿನ್ನ ಹಾಗೇ ಕೈಯಲ್ಲಿ ಗಡಿಯಾರ. ಮೊದಲ ಪೀರಿಯಡ್ ವ್ಯರ್ಥ ಅಂತ ಬರೆದುಕೊಂಡು ಹೋದರು. ನನಗೆ ಮೆಮೊ ಬಂತು, ಆಮೇಲೆ ಎರಡು ಬಸ್ಸು ಬದಲಾಯಿಸಿ ಹೋಗುವ ಒಂದು ಕೋಣೆಯ ಶಾಲೆಗೆ ಹಾಕಿದರು. ನಾಲ್ಕು ವರ್ಷ. ಊರಿನ ಗಲಾಟೆ ಸಾಕಾಗಿ ನಾನೇ ಕೇಳಿಕೊಂಡು ಹೋದೆ ಅಂತ ನಿಮ್ಮಮ್ಮನಿಗೆ ಹೇಳಿದ್ದೆ. ಅಕ್ಕನ ಮುಂದೆ ಮುಖ ಸಣ್ಣದು ಮಾಡಿಕೊಳ್ಳೋದು ಬೇಡವಾಗಿತ್ತು. ನಾನು ಅಲ್ಲಿಂದ ಹೋದ ಮೇಲೆ ನನ್ನ ಹಳೇ ಕ್ಲಾಸಿನಲ್ಲಿ ಏನಾಯಿತು ಅಂತ ನನಗೆ ಗೊತ್ತಾಗಲೇ ಇಲ್ಲ. ನಿನ್ನ ದೊಡ್ಡ ಟೀಚರಿಗೆ ಗೊತ್ತಾಗಿದೆ. ಗೊತ್ತಾದದ್ದು ಹೆಚ್ಚು ಕಷ್ಟವೋ ಗೊತ್ತಾಗದ್ದು ಹೆಚ್ಚು ಕಷ್ಟವೋ ಹೇಳಲಾರೆ.

ಆ ಇನ್ಸ್‌ಪೆಕ್ಟರು ಬಹಳ ವರ್ಷದ ಮೇಲೆ ಒಂದು ಮದುವೆ ಮನೆಯಲ್ಲಿ ಸಿಕ್ಕಿದರು. ಕೈ ತೊಳೆಯುವ ಜಾಗದಲ್ಲಿ, ಯಾರೂ ಇಲ್ಲದಾಗ, "ನಿಮ್ಮ ವಿಷಯದಲ್ಲಿ ತಪ್ಪು ಮಾಡಿದೆ ಅನ್ನಿಸತ್ತಮ್ಮ" ಅಂದರು. "ಪರವಾಗಿಲ್ಲ ಸಾರ್" ಅಂದುಬಿಟ್ಟೆ. ಬಾಯಿ ತಪ್ಪಿ ಬಂದ ಮಾತು. ಪರವಾಗಿತ್ತು. ಅವರು ಹಗುರಾಗಿ ಹೋಗಿ ಎಲೆಯ ಮುಂದೆ ಕೂತರು.

ಆದ್ದರಿಂದ ನನ್ನ ಹತ್ತಿರ ಕ್ಷಮೆ ಕೇಳಬೇಡ. ನಾನು ಕೊಟ್ಟುಬಿಡುತ್ತೇನೆ, ಅಭ್ಯಾಸ ಬಲ. ನಾನು ದೂರದಲ್ಲಿದ್ದೇನೆ, ನೀನು ಹೇಳಿದ್ದು ಇಲ್ಲಿ ಯಾರಿಗೂ ಕೇಳಿಸುವುದಿಲ್ಲ. ಎಲ್ಲಿ ನಗಿಸಿದೆಯೋ ಅಲ್ಲೇ ಹೋಗಿ ಹೇಳು. ಅದೇ ಬೋರ್ಡು, ಅದೇ ಜನ. ನಾಚಿಕೆ ಆಗುತ್ತದೆ. ಆಗಲಿ.

ಊಟದ ಪ್ರಶ್ನೆ ಹಾಗೇ ಇದೆ.

ಚಿಕ್ಕಮ್ಮ


ಅಕ್ಟೋಬರ್ 22

ಪ್ರೀತಿಯ ಚಿಕ್ಕಮ್ಮ,

ನಿನ್ನ ಕಾಗದ ಸಭೆಗೆ ಐದು ದಿನ ಮೊದಲು ಬಂತು. ಅದು ಬರದಿದ್ದರೂ ನಾನು ಹೇಳುತ್ತಿದ್ದೆ ಎಂದು ಬರೆಯಲು ಆಸೆಯಿದೆ. ನಿಜವಾಗಿ ಗೊತ್ತಿಲ್ಲ. ಪುಸ್ತಿಕೆ ಅಚ್ಚಾಗಿ ಬಂದು ಕುರ್ಚಿಗಳ ಮೇಲೆ ಒಂದೊಂದು ಇಟ್ಟಾಗಿತ್ತು.

ಅಧಿಕಾರಿ ಮಾತಾಡಿದ ಮೇಲೆ ನನ್ನ ಸರದಿ. ಬೋರ್ಡಿನ ಮೇಲೆ ಜುಲೈನಲ್ಲಿ ಬರೆದ ಲೆಕ್ಕವನ್ನೇ ಮತ್ತೆ ಬರೆದೆ. ಹಾಜರಿಗೆ ಹೋದದ್ದು ಹದಿನೆಂಟು ದಿನ. ಅದರ ಕೆಳಗೆ ಬರೆದೆ: ಮೂವತ್ತೊಂದನೇ ಹುಡುಗಿ, ಇವತ್ತಿಗೆ ಎಪ್ಪತ್ತು ದಿನ. ಯಾಕೆ ಎಂದು ಹೇಳಿದೆ. ನಂಬರ್ ಶಾಲೆಗೆ ಬರುತ್ತಿತ್ತು, ಹುಡುಗಿ ಬರುತ್ತಿರಲಿಲ್ಲ, ನಾನು ಚಪ್ಪಾಳೆ ತಟ್ಟಿದೆ, ಅವಳು ಇರುವುದು ನನ್ನ ಮೆಟ್ಟಿಲ ಮೇಲೆ, ಆಗಸ್ಟಿನಲ್ಲೇ ಗೊತ್ತಾಗಿಯೂ ಏಳು ವಾರ ಬಾಯಿ ಮುಚ್ಚಿಕೊಂಡಿದ್ದೆ. ಫಾರಂ ಯಾರಿಗೂ ತೋರಿಸುವುದಿಲ್ಲ ಎಂದು ಮಾತು ಕೊಟ್ಟು ಹೆಡ್ಮಾಸ್ಟರಿಗೇ ಕೊಟ್ಟುಬಿಟ್ಟೆ. ಇಪ್ಪತ್ತೆರಡು ನಿಮಿಷದಲ್ಲಿ ದೊಡ್ಡ ಟೀಚರ್ ಏನು ಮಾಡುತ್ತಿದ್ದರು ಎಂದು ನಾನು ಅವರನ್ನು ಕೇಳಲೇ ಇಲ್ಲ ಎಂದೂ ಒಪ್ಪಿಕೊಂಡೆ. ಆಮೇಲೆ ನಿನ್ನ ಕಥೆಯನ್ನು ಸರಿಯಾಗಿ ಹೇಳಿದೆ, ಎರಡು ಬಸ್ಸಿನ ಶಾಲೆಯವರೆಗೂ.

ನಡುವೆ ದುಭಾಷಿ ಹುಡುಗಿ ನನ್ನ ಕಿವಿಯ ಹತ್ತಿರ ಬಂದು "ಮೇಡಂ, ಇದನ್ನೂ ಹೇಳ್ಲಾ?" ಎಂದಳು.

"ಹೇಳು."

"ಸ್ವಲ್ಪ ಮೆತ್ತಗೆ ಮಾಡಿ ಹೇಳ್ಲಾ?"

"ಬೇಡ."

ನಾನು ಒಂದು ವಾಕ್ಯ ಹೇಳಿ ನಿಲ್ಲಬೇಕು, ಅವಳು ಅದನ್ನು ಹೇಳಿ ಮುಗಿಸುವವರೆಗೆ ಜನರ ಮುಖ ನೋಡುತ್ತ ಕಾಯಬೇಕು. ಪ್ರತಿ ವಾಕ್ಯವನ್ನೂ ಎರಡೆರಡು ಸಲ ಅನುಭವಿಸಬೇಕು. ಯಾರೂ ನಗಲಿಲ್ಲ. ಕೊನೆಗೆ ಚಪ್ಪಾಳೆಯೂ ಇಲ್ಲ. ಒಬ್ಬರು ಕೆಮ್ಮಿದರು. ಹೆಡ್ಮಾಸ್ಟರು "ಮೇಡಂ, ಎಲ್ಲಾ ಚೆನ್ನಾಗೇ ನಡೀತಿತ್ತಲ್ಲ, ಅಧಿಕಾರಿಗಳ ಮುಂದೆನೇ ಬೇಕಿತ್ತಾ ಇದು" ಎಂದರು. ಅವರ ಮುಖವೂ ಸಣ್ಣಗಾಗಿತ್ತು. ಆ ರಿಜಿಸ್ಟರಿಗೆ ದಿನವೂ ಸಹಿ ಹಾಕಿದವರು ಅವರು. ದೊಡ್ಡ ಟೀಚರ್ ಕೊನೆಯ ಸಾಲಿನಲ್ಲಿದ್ದರು. ಈ ಸಲ ನಾನು ಅವರ ಮುಖವನ್ನೇ ನೋಡಿ ಹೇಳಿದೆ. ಅವರು ನನ್ನನ್ನು ನೋಡಲಿಲ್ಲ. ಬೋರ್ಡು ನೋಡುತ್ತಿದ್ದರು.

ಎಲ್ಲವೂ ಸರಿಹೋಯಿತು ಎಂದುಕೊಳ್ಳಬೇಡ. ಎರಡು ಶಾಲೆಗಳು ನಂಬರ್ ಬಿಟ್ಟವು, ಉಳಿದವು ಬಿಟ್ಟಿಲ್ಲ. ಮೂರು ನಿಮಿಷ ಎಂದರೆ ಯಾರಿಗೆ ಬೇಡ. ದೊಡ್ಡ ಟೀಚರಿಗೆ ಕ್ಲಾಸು ವಾಪಸ್ ಸಿಗಲಿಲ್ಲ. ಅಧಿಕಾರಿ ಹೇಳಿದ ಮೇಲೆ ಬೆಳಗಿನ ಹಾಜರಿ ಮಾತ್ರ ಅವರಿಗೆ, ಪಾಠ ಹೊಸ ಟೀಚರಿಗೆ. ಹಾಜರಿ ಮುಗಿಸಿ ಅವರು ಮತ್ತೆ ಗೋಂದಿನ ಡಬ್ಬಿಯ ಹತ್ತಿರ ಹೋಗಬೇಕು. ನಾನು ಬರೆದ ಒಂದು ಹಾಳೆ ಅವರಿಂದ ಕಿತ್ತುಕೊಂಡದ್ದನ್ನು ನಾನು ಆಡಿದ ಅಷ್ಟೂ ಮಾತು ಪೂರ್ತಿ ವಾಪಸ್ ತರಲಿಲ್ಲ.

ಸಭೆಯ ದಿನವೇ ಸಂಜೆ ಅವರು ಲಾಂಡ್ರಿಗೆ ಬಂದರು. ಮೇಲಿನಿಂದ ನೋಡಿದೆ. ಹುಡುಗಿಯ ತಾಯಿಯ ಜೊತೆ ನಿಂತೇ ಮಾತಾಡಿದರು, ಮೇಲೆ ಬರಲಿಲ್ಲ. ಮಾರನೆಯ ದಿನ ಹುಡುಗಿ ಮಗುವನ್ನು ಎತ್ತಿಕೊಂಡೇ ಶಾಲೆಗೆ ಬಂದಳು. ಮಗುವಿಗೆ ಈಗ ಮೇಜಿನ ಕೆಳಗೆ ಒಂದು ಚಾಪೆ. ಸ್ಟಾಪ್‌ವಾಚು ಅದರ ಆಟದ ಸಾಮಾನು, ದಾರವನ್ನು ಬಾಯಲ್ಲಿಟ್ಟುಕೊಂಡು ಚೀಪುತ್ತದೆ. ಹುಡುಗಿ ಬರೆಯುವಾಗ ಬರೆದದ್ದನ್ನು ಎಡಗೈಯಿಂದ ಮುಚ್ಚಿಕೊಳ್ಳುತ್ತಾಳೆ. ನಾನು ಹತ್ತಿರ ಹೋದರೆ ಇನ್ನೂ ಬಿಗಿಯಾಗಿ ಮುಚ್ಚುತ್ತಾಳೆ. ಮೆಟ್ಟಿಲ ಮೇಲೆ ನನ್ನ ಬೆರಳನ್ನು ಮಗುವಿಗೆ ಕಚ್ಚಿಸಿದವಳು.

ನಿನ್ನೆ ಹಾಜರಿಯ ಹೊತ್ತಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಫಾರಂ ಇರಲಿಲ್ಲ. ಐವತ್ತನಾಲ್ಕು ಮಕ್ಕಳು ಒಬ್ಬೊಬ್ಬರಾಗಿ ಹೋದರು. ನಿನ್ನೆಯ ಪ್ರಶ್ನೆ, ರಾತ್ರಿ ಯಾರ ಜೊತೆ ಊಟ ಮಾಡಿದೆ. ದುಭಾಷಿ ಹುಡುಗಿ ಪಿಸುಮಾತಿನಲ್ಲಿ ನನಗೆ ಹೇಳುತ್ತ ಹೋದಳು. ಅಜ್ಜಿ ಜೊತೆ. ಅಪ್ಪ, ಅಮ್ಮ, ಬೆಕ್ಕು. ಅಣ್ಣನ ಜೊತೆ, ಅವನೇ ಜಾಸ್ತಿ ತಿಂದ. ಮೂವತ್ತೊಂದನೆಯವಳು ಬಗ್ಗಿ ಮೇಜಿನ ಕೆಳಗೆ ಬೆರಳು ತೋರಿಸಿದಳು. ಇವಳ ಜೊತೆ.

ಐವತ್ತನಾಲ್ಕು ಮುಗಿದ ಮೇಲೆ ದೊಡ್ಡ ಟೀಚರ್ ತಲೆಯೆತ್ತಿ ಹಿಂದಿನ ಬೆಂಚಿನ ಕಡೆ ನೋಡಿ ಕೈ ಸನ್ನೆ ಮಾಡಿದರು. ಎದ್ದು ಹೋದೆ. ಆ ಪುಟ್ಟ ಮಕ್ಕಳ ನಡುವೆ ನಡೆದುಹೋಗುವಾಗ ನನ್ನ ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಅವರು ನನ್ನ ಎರಡೂ ಅಂಗೈ ಹಿಡಿದು ನೋಡಿದರು. ಬೆರಳ ಮೇಲೆ ಶಾಯಿ ಇತ್ತು. ಎಲ್ಲರಿಗೂ ಕೇಳಿದ್ದನ್ನೇ ನನಗೂ ಕೇಳಿದರು. ದುಭಾಷಿ ಬೇಕಾಗಲಿಲ್ಲ.

ನನಗೆ ಬರುವ ಅವರ ಭಾಷೆಯ ಹತ್ತು ಪದಗಳಲ್ಲಿ ಅದೊಂದು ಪದ ಇತ್ತು. ಹೇಳಿದೆ. ಮಕ್ಕಳು ನಗಲಿಲ್ಲ. ದೊಡ್ಡ ಟೀಚರ್ ಮುಖದಲ್ಲಿ ಏನೂ ಬದಲಾಗಲಿಲ್ಲ, ಕ್ಷಮಿಸಿದ್ದೇನೆ ಎನ್ನುವಂಥದ್ದು ಏನೂ ಇರಲಿಲ್ಲ. ರಿಜಿಸ್ಟರಿನ ಕೊನೆಯ ಸಾಲಿನ ಕೆಳಗೆ, ಅಂಚಿನಲ್ಲಿ, ನಾನು ಹೇಳಿದ್ದನ್ನು ಬರೆದುಕೊಂಡು ನನ್ನ ಕೈ ಬಿಟ್ಟರು.

ನಿನಗೂ ಆ ಉತ್ತರ ಕೊಡುವುದು ಬಾಕಿಯಿದೆ. ಜೂನ್‌ನಿಂದ ಕೇಳುತ್ತಿದ್ದೀಯ, ವಯಸ್ಸಾದವರು ಕಾಗದದ ಕೊನೆಗೆ ಬರೆಯುವ ಮಾತು ಎಂದು ದಾಟಿಸುತ್ತ ಬಂದೆ.

ಒಬ್ಬಳೇ, ಚಿಕ್ಕಮ್ಮ. ಇಲ್ಲಿಗೆ ಬರುವ ಮೊದಲಿನಿಂದಲೂ.

ಗುಬ್ಬಿ